ಎಡಗೈ ಕೇಳಿಸುವ ಹೆಡ್‌ಫೋನು

ಶಹಾಬಾದಿನಲ್ಲಿ ಕಿವಿ ಇದ್ದವರು ಇಬ್ಬರೇ ಎಂಬುದು ಖುರ್ಷಿದಬೇಗಂಳ ತೀರ್ಮಾನವಾಗಿತ್ತು. ಒಬ್ಬರು ಆಕೆಯ ಅಬ್ಬಾ ಮಶಾಕಸಾಬರು, ಇನ್ನೊಬ್ಬಳು ತಾನು. ಉಳಿದವರ ತಲೆಯ ಎರಡು ಬದಿಗೆ ಇರುವುದು ಬೀಡಿ ಸಿಕ್ಕಿಸಿಕೊಳ್ಳುವ ಗೂಟಗಳು, ಅಷ್ಟೇ. ಗುಲಬರ್ಗಾದಲ್ಲಿ ಭೌತಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿ ಹನ್ನೊಂದು ವರ್ಷದಿಂದ ಊರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಆಕೆ ಈ ತೀರ್ಮಾನಕ್ಕೆ ಸುಮ್ಮನೆ ಬಂದಿರಲಿಲ್ಲ. ಆಕೆಯ ಹತ್ತಿರ ಪುರಾವೆ ಇತ್ತು.

ಪುರಾವೆ ಇದ್ದದ್ದು ಸ್ಟೇಷನ್ ರೋಡಿನ ಸಾಬಣ್ಣನ ಚಹದ ಹೋಟೆಲಿನಲ್ಲಿ. ಅಲ್ಲಿ ಭಜಿ ಕರಿಯುವ ಒಲೆಯ ಮೇಲ್ಗಡೆ, ಹಲಗೆಯ ಮೇಲೆ, ಎಣ್ಣೆಯ ಹೊಗೆ ಕುಡಿದು ಕಪ್ಪಾದ ಒಂದು ಟೇಪ್ ರೆಕಾರ್ಡರ್ ಇತ್ತು. ಅದರ ಸ್ಪೀಕರು ನಾಲ್ಕು ಇಂಚಿನದು. ಮೂರು ವರ್ಷದ ಹಿಂದೆ ದರ್ಗಾದ ಉರುಸಿನಲ್ಲಿ ಊರಿನ ಹಾಡುಗಾರ ಚಾಂದ್‌ನ ಪಾರ್ಟಿ ಹಾಡಿದ ಕವ್ವಾಲಿಯನ್ನು ಯಾರೋ ಕ್ಯಾಸೆಟ್ಟಿಗೆ ಹಿಡಿದಿದ್ದರು. ಅದರ ಒಂದು ಪ್ರತಿ ಸಾಬಣ್ಣನ ಕೈಗೆ ಬಿದ್ದಿತ್ತು. ಆ ಪಾರ್ಟಿಯಲ್ಲಿ ಮೂವತ್ತು ವರ್ಷ ಢೋಲಕ ಬಾರಿಸಿದವರು ಮಶಾಕಸಾಬರು. ಮೊದಲು ಚಾಂದ್‌ನ ತಂದೆಗೆ, ಆಮೇಲೆ ಚಾಂದ್‌ಗೆ. ಆ ಉರುಸೇ ಅವರ ಕೊನೆಯ ಕಛೇರಿ. ಅದರ ಮರುವಾರದಿಂದ ಚಾಂದ್‌ನ ಹಿಂದೆ ಚಿತ್ತಾಪುರದ ಒಬ್ಬ ಹೊಸ ಢೋಲಕದವನು ಕುಳಿತ. ಯಾಕೆಂದು ಮಗಳು ಕೇಳಿದಾಗ ಮಶಾಕಸಾಬರು, “ಎಡಗೈ ಹೋಗ್ಯಾದ ಅಂತ ಚಾಂದ್ ಬ್ಯಾಡ ಅಂದಾನ, ಬೇಟಿ” ಎಂದಷ್ಟೇ ಹೇಳಿ ಗೋಡೆಯ ಕಡೆ ಹೊರಳಿ ಮಲಗಿದ್ದರು.

ಢೋಲಕದ ಬಲಬದಿ ಸಣ್ಣದು, ಚುರುಕು, ಟಕಟಕ ಅನ್ನುತ್ತದೆ. ಎಡಬದಿ ದೊಡ್ಡದು. ಅಂಗೈ ಬುಡವನ್ನು ಚರ್ಮದ ಮೇಲೆ ಒತ್ತಿ ಜಾರಿಸಿದರೆ ಗುಂಯ್ಯ್ ಎಂದು ಕೆಳಗಿನಿಂದ ಮೇಲಕ್ಕೆ ಎದ್ದುಬರುವ ನಾದ ಅದರದು. ಇಡೀ ಕವ್ವಾಲಿ ನಿಲ್ಲುವುದು ಆ ನಾದದ ಮೇಲೆ. ಮಶಾಕಸಾಬರ ಹೆಸರಿದ್ದದ್ದೂ ಅದಕ್ಕೇ. ಸಾಬಣ್ಣ ಗಿರಾಕಿಗಳ ಮುಂದೆ ಕ್ಯಾಸೆಟ್ ಹಚ್ಚಿ, “ಕೇಳ್ರಿ, ಕೇಳ್ರಿ, ಎಡಗೈ ಎಲ್ಲ್ಯಾದ? ಬರೇ ಟಕಾ ಟಕಾ ಟಕಾ. ಮುದುಕನ ಕೈ ಮೂಕಾಗ್ಯಾದ” ಅನ್ನುತ್ತಿದ್ದ. ಗಿರಾಕಿಗಳು ಭಜಿ ತಿನ್ನುತ್ತ ತಲೆ ಅಲ್ಲಾಡಿಸುತ್ತಿದ್ದರು.

ನಾಲ್ಕು ಇಂಚಿನ ಸ್ಪೀಕರಿನಲ್ಲಿ ಎಡಗೈ ಕೇಳಿಸದು ಎಂಬುದು ಖುರ್ಷಿದಳಿಗೆ ಲೆಕ್ಕ ಹಾಕದೆಯೂ ಗೊತ್ತಿತ್ತು. ಅಂಥ ಸ್ಪೀಕರು ಸೆಕೆಂಡಿಗೆ ನೂರೈವತ್ತು ಕಂಪನಕ್ಕಿಂತ ಕೆಳಗೆ ಇಳಿಯಲಾರದು. ಢೋಲಕದ ಎಡಬದಿ ಇರುವುದು ತೊಂಬತ್ತರ ಆಸುಪಾಸಿನಲ್ಲಿ. ಆನೆಯನ್ನು ಕೀಲಿಕೈ ತೂತಿನಲ್ಲಿ ನೋಡಿ ಆನೆಗೆ ಕಾಲೇ ಇಲ್ಲ ಎಂದು ಪಂಚಾಯತಿ ಮಾಡುವ ಮಂದಿ! ಇವರ ಮಾತಿಗೆ ಅಬ್ಬಾ ಮೂರು ವರ್ಷದಿಂದ ಮಸೀದಿಗೆ ಸುತ್ತಿನ ದಾರಿ ಹಿಡಿದು ಹೋಗುತ್ತಾರೆ, ಸ್ಟೇಷನ್ ರೋಡು ತುಳಿಯುವುದಿಲ್ಲ.

ಸಾಬಣ್ಣನಿಗಿಂತ ಆಕೆಗೆ ಹೆಚ್ಚು ಸಿಟ್ಟಿದ್ದದ್ದು ಚಾಂದ್‌ನ ಮೇಲೆ. ಸಾಬಣ್ಣ ಭಜಿ ಕರಿಯುವವನು. ಚಾಂದ್ ಹಾಡುವವನು, ಕಿವಿ ಇರಬೇಕಾದವನು. ಹೋದ ಬೇಸಿಗೆಯಲ್ಲಿ ಒಂದು ಮದುವೆಯ ಚಪ್ಪರದಲ್ಲಿ ಆತ ಎದುರಾಗಿ ಸಲಾಂ ಹೇಳಿದಾಗ ಆಕೆ ನಾಲ್ಕು ಜನ ಕೇಳುವಂತೆ, “ಕಿವುಡರ ಪಾರ್ಟಿಗಿ ಢೋಲಕ ಯಾಕ ಬೇಕು ಚಾಂದ್‌ಭಾಯಿ? ಎಣ್ಣಿ ಡಬ್ಬಾ ಸಾಕು” ಎಂದಿದ್ದಳು. ಆತ ತಲೆ ತಗ್ಗಿಸಿ ಹೊರಟುಹೋದ. ಅಷ್ಟಕ್ಕೂ ಸಮಾಧಾನವಾಗದೆ, “ಒಂದಿನ ಖರೇ ಮಶೀನ್ ತರ್ತೀನಿ. ನಿಮ್ಮ ಗಾದಿ ಅಂಗಡಿ ಮುಂದನೇ ಕುಂದ್ರಿಸಿ ಕೇಳಸ್ತೀನಿ, ಅಬ್ಬಾನ ಎಡಗೈ ಅದನೋ ಇಲ್ಲೋ ಅಂತ” ಎಂದು ಬೆನ್ನಿಗೆ ಕೂಗಿದ್ದಳು. ಆ ಮಾತು ಊರಿಗೆಲ್ಲ ಗೊತ್ತಾಯಿತು. ಸಾಬಣ್ಣನ ಹೋಟೆಲಿನಲ್ಲಿ ವಾರಕ್ಕೊಮ್ಮೆ, “ಟೀಚರಬಾಯಿ ಮಶೀನ್ ಬಂತೇನ್ರೋ?” ಎಂದು ಯಾರಾದರೂ ಕೇಳುವುದು ರೂಢಿಯಾಯಿತು.

ಮಶೀನು ಬಂದದ್ದು ಜೆದ್ದಾದಿಂದ. ಆಕೆಯ ಚಿಕ್ಕಮ್ಮನ ಮಗ ಸರ್ದಾರ ಅಲ್ಲಿ ಕರೆಂಟಿನ ಕೆಲಸಕ್ಕಿದ್ದವನು, ರಜಕ್ಕೆ ಬಂದಾಗ ಮೂರು ಹೆಡ್‌ಫೋನು ತಂದಿದ್ದ. ಒಂದನ್ನು ಆಪಾಗೆ, ಅಂದರೆ ಅಕ್ಕನಿಗೆ, ಉಳಿದದ್ದನ್ನು ಸಿಕ್ಕವರಿಗೆ ಮಾರುವ ಲೆಕ್ಕ. ಶುಕ್ರವಾರ ಸಂಜೆ ಖುರ್ಷಿದಬೇಗಂ ಉರುಸಿನ ಕ್ಯಾಸೆಟ್ಟಿನ ತನ್ನ ಪ್ರತಿ ಹಿಡಿದು, ಶಾಲೆಯ ಗಣಿತದ ಟೀಚರ್ ಮಹಾದೇವಮ್ಮನನ್ನು ಜೊತೆ ಮಾಡಿಕೊಂಡು, ಅವನ ಮನೆಗೆ ಹೋದಳು.

ಸರ್ದಾರನ ಮೈಗೆ ಅತ್ತರು, ಮೇಲೆ ಹೊಳೆಯುವ ಅಂಗಿ, ಕೈಯಲ್ಲಿ ಎರಡು ಗಡಿಯಾರ. ಒಂದರಲ್ಲಿ ಜೆದ್ದಾದ ಟೈಮು. “ಆಪಾ, ಮೊದಲ ಇದು ಹಾಕ್ಕೊಂಡು ನೋಡ್ರಿ. ನಂಬರ್ ಒನ್ ಮಾಲ್. ಬಟನ್ ನೋಡ್ರಿ, ದೀಪ ನೋಡ್ರಿ” ಎಂದು ಬೆಳ್ಳಿಯ ಹಾಗೆ ಹೊಳೆಯುವ ಒಂದನ್ನು ಮುಂದಿಟ್ಟ.

“ದೀಪ ಕಿವ್ಯಾಗ ಹಚ್ಚಿ ಏನ್ ಹುಡುಕ್ಬೇಕು?” ಎಂದಳು ಖುರ್ಷಿದಬೇಗಂ.

ಆದರೂ ನೋಡಿದಳು. ತಮ್ಮನೇ ಆದರೂ ಚಿಕ್ಕಮ್ಮನ ಮಗ, ಬೆಳೆದ ಗಂಡಸು. ಸೆರಗನ್ನು ಇನ್ನೊಂದು ಸುತ್ತು ತಲೆಯ ಮೇಲೆ ಎಳೆದುಕೊಂಡು, ಅದರ ಮೇಲೆ ಹೆಡ್‌ಫೋನು ಕೂಡಿಸಿ, ಕಣ್ಣು ಮುಚ್ಚಿದಳು. ಅದರಲ್ಲಿ ಎಲ್ಲ ಪೆಟ್ಟೂ ಒಂದೇ ಹದಕ್ಕೆ ಧುಬ್ ಧುಬ್ ಎನ್ನುತ್ತಿತ್ತು. ಢೋಲಕವೂ ಧುಬ್, ಚಪ್ಪಾಳೆಯೂ ಧುಬ್, ಯಾರೋ ಕೆಮ್ಮಿದರೂ ಧುಬ್. ಕಡಿಮೆ ಕಂಪನ ಕೇಳಿಸಲಾಗದ ಯಂತ್ರ, ಮೇಲಿನ ಒಂದೇ ಜಾಗವನ್ನು ಉಬ್ಬಿಸಿ ಇದೇ ಕೆಳಗಿನದು ಎಂದು ನಂಬಿಸುತ್ತಿತ್ತು. “ಇದು ಹೆಡ್‌ಫೋನ್ ಅಲ್ಲ ಸರ್ದಾರ, ಇಲೆಕ್ಷನ್ ಭಾಷಣ” ಎಂದು ತೆಗೆದಿಟ್ಟಳು.

ಎರಡನೆಯದು ಜಪಾನಿನದು. ಹಗುರ, ಕಿವಿಗೆ ಸ್ಪಂಜಿನ ಎರಡು ಬಿಲ್ಲೆ. ಅದರಲ್ಲಿ ಹಾರ್ಮೋನಿಯಂ ತಿಳಿಯಾಗಿತ್ತು, ಬಲಗೈ ಎಣಿಸುವ ಹಾಗಿತ್ತು, ಎಡಗೈ ದೂರದ ಬಾವಿಯೊಳಗಿನ ಮಾತಿನಂತೆ ಮಸುಕಾಗಿ ಇತ್ತು. ಇತ್ತು, ಅದೇ ದೊಡ್ಡದು.

ಮೂರನೆಯದು ಜರ್ಮನಿಯದು. ದಪ್ಪ ತೊಗಲಿನ ಗಾದಿ ಇಟ್ಟ ಎರಡು ಕಪ್ಪು ಬಟ್ಟಲು, ಕಿವಿಯನ್ನು ಪೂರಾ ನುಂಗುವಂಥವು. ತೂಕವೋ ತೂಕ. ಸರ್ದಾರ ಎಲ್ಲಕ್ಕಿಂತ ಹೆಚ್ಚು ಬೆಲೆ ಹೇಳಿದ್ದು ಇದಕ್ಕೆ. ಹಾಕಿಕೊಂಡರೆ ಎಡಗೈ ಸುಳಿವೇ ಇಲ್ಲ. ಬರೀ ಟಕಟಕ, ಸಾಬಣ್ಣನ ಹೋಟೆಲಿನ ಹಾಗೇ. ಖುರ್ಷಿದಬೇಗಂ ಎರಡೆರಡು ಸಲ ಬದಲಿಸಿ, ಅದೇ ಹಾಡು, ಅದೇ ಜಾಗ, ಅಷ್ಟೇ ದನಿ ಇಟ್ಟು ಕೇಳಿದಳು. ಪುಸ್ತಕದಲ್ಲಿ ಗೆರೆ ಹಾಕಿ ಅಂಕ ಕೊಟ್ಟಳು. ಜರ್ಮನಿಗೆ ಸೊನ್ನೆ ಬಂತು.

“ನಾನೂ ಒಂದೀಟು ಕೇಳ್ಲೇನ್ರಿ?” ಎಂದು ಮಹಾದೇವಮ್ಮ ಆ ಕಪ್ಪು ಬಟ್ಟಲುಗಳನ್ನು ಎತ್ತಿಕೊಂಡು, ಹೆರಳು ಹಿಂದೆ ಸರಿಸಿ, ಹಾಕಿಕೊಂಡಳು. ಹಾಕಿಕೊಂಡವಳು ಬೆಚ್ಚಿ ಎದೆ ಮುಟ್ಟಿಕೊಂಡಳು. “ಯವ್ವಾ! ಖುರ್ಷಿದಬಾಯಿ, ಒಳಗ ಯಾರೋ ಗುದ್ದಿಧಂಗ ಆಗ್ತದ್ರಿ.”

“ಮಾದೇವಕ್ಕ, ನೀವು ಲೆಕ್ಕದ ಟೀಚರು. ನಿಮಗ ಇಲ್ಲದ್ದು ಇದ್ದಂಗ ತಿಳ್ಕೊಳ್ಳೋ ಚಟ ಅದ. ಎಕ್ಸ್ ಅಂತೀರಿ, ವೈ ಅಂತೀರಿ” ಎಂದು ಖುರ್ಷಿದಬೇಗಂ ನಕ್ಕಳು. “ಇದು ತೂಕ ನೋಡಿ ಖರೀದಿ ಮಾಡೋ ಸಾಹುಕಾರರಿಗಿ ಇರ್ಲಿ.”

ಜಪಾನಿನದನ್ನು ಕೊಂಡಳು. ಸರ್ದಾರ, “ಹಂಗಾದ್ರ ಉಳಿದ ಎರಡೂ ಐತವಾರ ವಾಡಿ ಸ್ಟೇಷನ್‌ನಾಗ ಸೇಡಂ ಸಾಹುಕಾರರಿಗಿ ತೋರಸ್ತೀನಿ. ಅಲ್ಲಿಂದ ನಾನು ಹೈದರಾಬಾದ್, ಹೈದರಾಬಾದಿಂದ ಜೆದ್ದಾ. ಆಮ್ಯಾಲ ಬದಲಿ ಕೊಡು ಅಂದ್ರ ನಾ ಸಿಗಾಂಗಿಲ್ಲ ನೋಡ್ರಿ ಆಪಾ” ಎಂದ. ಬದಲಿ ಕೇಳುವವರು ಕಿವಿ ಇಲ್ಲದವರು ಎಂದು ಆಕೆ ಉತ್ತರ ಕೊಟ್ಟಳು.

ಶನಿವಾರ ಶಾಲೆ ಅರ್ಧ ದಿನ. ಮಧ್ಯಾಹ್ನ ತಲೆಗೆ ನೀರು ಹಾಕಿಕೊಂಡು, ಕೂದಲು ಹರವಿಕೊಂಡು ತನ್ನ ಕೋಣೆಯಲ್ಲಿ ಕುಳಿತವಳು ಹೆಡ್‌ಫೋನು ಹಾಕಿಕೊಂಡಳು. ಅಬ್ಬಾ ಹೊರಗೆ ಪಡಸಾಲೆಯಲ್ಲಿದ್ದರು. ಹಿಂದಿನ ದಿನ ಅವರಿಗೆ ತೋರಿಸಿದಾಗ ಮುಟ್ಟಿ ಕೂಡ ನೋಡದೆ, “ಇದೆಲ್ಲಾ ಯಾಕ ಬೇಟಿ? ಹೋದದ್ದು ಹೋತು, ಬಿಟ್ಟುಬಿಡು” ಎಂದಿದ್ದರು. ಸಾಧು ಮನುಷ್ಯ. ಸಾಧು ಮನುಷ್ಯರ ತಲೆಯ ಮೇಲೇ ಚಾಂದ್‌ನಂಥವರು ಗಾದಿ ಹಾಸುವುದು.

ಮೊದಲ ಹಾಡು ಶುರುವಾಯಿತು. ಖುರ್ಷಿದಬೇಗಂ ಟೇಪು ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ಹಚ್ಚಿದಳು. ಎಡಗೈ ನಿನ್ನೆಗಿಂತ ಹೆಚ್ಚಿತ್ತು. ಬಹಳವಲ್ಲ, ಆದರೆ ನಿಚ್ಚಳ. ಸಂತೋಷಪಡಬೇಕಾದವಳು ಒಂದೊಂದನ್ನೇ ಲೆಕ್ಕ ಹಾಕತೊಡಗಿದಳು. ಅದೇ ಕ್ಯಾಸೆಟ್ಟು, ಅದೇ ಹೆಡ್‌ಫೋನು, ಸರ್ದಾರನೇ ಕೊಟ್ಟು ಕಳಿಸಿದ್ದ ಅದೇ ಟೇಪ್ ರೆಕಾರ್ಡರು, ದನಿಯ ಗುಂಡಿ ಅದೇ ಅಂಕಿಗೆ. ಎಲ್ಲ ಅದೇ ಇದ್ದಾಗ ಫಲ ಬೇರೆ ಬರುವುದಿಲ್ಲ. ಏನೋ ಒಂದು ಬದಲಾಗಿದೆ.

ಆಕೆ ಕೈ ಎತ್ತಿ ಕಿವಿ ಮುಟ್ಟಿ ನೋಡಿಕೊಂಡಳು. ಒದ್ದೆ ಕೂದಲು, ಬರೀ ಕಿವಿ. ಎದ್ದು ಕನ್ನಡಿಯ ಮುಂದೆ ನಿಂತು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಅದರ ಮೇಲೆ ಹೆಡ್‌ಫೋನು ಇಟ್ಟಳು. ಎಡಗೈ ಬಾವಿಗೆ ಹೋಯಿತು. ಸೆರಗು ಸರಿಸಿದಳು. ಬಂತು.

ಪ್ರತಿ ಜೂನಿನಲ್ಲಿ ಎಂಟನೇ ಇಯತ್ತೆಯ ಹುಡುಗಿಯರಿಗೆ ಆಕೆ ಮೊದಲ ದಿನವೇ ಬರೆಸುವ ಮಾತು, ಪ್ರಯೋಗ ಮಾಡುವಾಗ ಯಾವುದನ್ನು ಅಳೆಯುತ್ತಿದ್ದೇವೋ ಅದರ ಮತ್ತು ಅಳೆಯುವವರ ನಡುವೆ ಏನಿದೆ ನೋಡಿಕೊಳ್ಳಿ ಎಂದು. ನಡುವೆ ಇದ್ದದ್ದು ಎರಡು ಪದರಿನ ಇಳಕಲ್ಲಿನ ಸೆರಗು. ಕಿವಿಗೂ ಗಾದಿಗೂ ಸಂದು ಬಿಟ್ಟರೆ ಮೊದಲು ಸೋರಿಹೋಗುವುದು ಕೆಳಗಿನ ನಾದ. ಸ್ಪಂಜಿನ ಹೆಡ್‌ಫೋನು ಹೇಗೂ ತೆರೆದದ್ದು. ಸೋರಿದರೂ ಅದಕ್ಕೆ ಹೋಗುವುದು ಸ್ವಲ್ಪ. ಕಿವಿ ಮುಚ್ಚಲೆಂದೇ ಮಾಡಿದ ಜರ್ಮನಿಯದಕ್ಕೆ ಹೋಗುವುದು ಸರ್ವಸ್ವ. ಮಹಾದೇವಮ್ಮ ಹೆರಳು ಸರಿಸಿ ಹಾಕಿಕೊಂಡಳು, ಬೆಚ್ಚಿದಳು. ತಾನು ನಕ್ಕಳು. ಎಕ್ಸ್ ಅಂತೀರಿ, ವೈ ಅಂತೀರಿ! ಗೆರೆ ಹಾಕಿ ಅಂಕ ಕೊಟ್ಟ ಪುಸ್ತಕವನ್ನು ತೆರೆದು ನೋಡಿದಳು. ಇಷ್ಟು ಅಂದವಾದ ಅಕ್ಷರದಲ್ಲಿ ಇಂಥ ಹೆಡ್ಡತನವನ್ನು ಆಕೆ ಯಾವ ಹುಡುಗಿಯ ವಹಿಯಲ್ಲೂ ಕಂಡಿರಲಿಲ್ಲ.

ಅಂದು ಸಂಜೆಯೇ ಸರ್ದಾರನ ಮನೆಗೆ ಹೋದರೆ ಅವನು ಆಗಲೇ ಸಾಮಾನು ಕಟ್ಟಿಕೊಂಡು ವಾಡಿಗೆ ಹೊರಟುಹೋಗಿದ್ದ. ಐತವಾರ ಬೆಳಿಗ್ಗೆ ವಾಡಿಯ ಪ್ಯಾಸೆಂಜರಿಗೆ ಹತ್ತುವಾಗ ಮಹಾದೇವಮ್ಮ, “ಜರ್ಮನೀದು ಇನ್ನೊಬ್ಬರಿಗಿ ಮಾರಿಬಿಟ್ಟಿದ್ರ?” ಎಂದಳು.

“ಮಾರಿದ್ರ ಅಬ್ಬಾನ ಕೈ ಮಾರಿಧಂಗ” ಎಂದಳು ಖುರ್ಷಿದಬೇಗಂ. ಆಮೇಲೆ ಕಿಟಕಿಯ ಆಚೆ ಕಲ್ಲಿನ ಗಣಿಗಳನ್ನು ನೋಡುತ್ತ, “ಮಾದೇವಕ್ಕ, ಮೊನ್ನೆ ಅಂದದ್ದಕ್ಕ ಬ್ಯಾಸರ ಮಾಡ್ಕೋಬ್ಯಾಡ್ರಿ” ಎಂದಳು.

“ಹನ್ನೊಂದು ವರ್ಷ ಆತು ನಿಮ್ಮ ಬಾಜೂ ಕುಂದ್ರಾಕತ್ತು. ಇನ್ನ ಯಾವುದಕ್ಕಂತ ಬ್ಯಾಸರ ಮಾಡ್ಕೊಳ್ಳಿ?” ಎಂದು ಮಹಾದೇವಮ್ಮ ಶೇಂಗಾ ಸುಲಿಯತೊಡಗಿದಳು.

ವಾಡಿ ಜಂಕ್ಷನ್ನಿನಲ್ಲಿ ಎಲ್ಲರೂ ಯಾವುದಾದರೊಂದು ಗಾಡಿಗೆ ಕಾಯುತ್ತಿರುತ್ತಾರೆ. ಸರ್ದಾರ ಎರಡನೇ ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ತನ್ನ ಬಜಾರು ಹರವಿದ್ದ. ಎದುರಿಗೆ ಸೇಡಂ ಕಡೆಯ ಪಾಲಿಶ್ ಕಲ್ಲಿನ ವ್ಯಾಪಾರಿ ನರಸಪ್ಪ ಸಾಹುಕಾರ, ಹತ್ತು ಮೊಳದ ಬಿಳಿ ಪಟಕಾ ಕಿವಿಯ ಮೇಲೆ ಇಳಿಯುವಂತೆ ಸುತ್ತಿಕೊಂಡು, ಅದರ ಮೇಲೆ ಜರ್ಮನಿಯ ಕಪ್ಪು ಬಟ್ಟಲು ಕೂಡಿಸಿಕೊಂಡು, ಹೊಸ ಅಳಿಯನಂತೆ ಗಂಭೀರವಾಗಿ ಕುಳಿತಿದ್ದರು. ನಾಲ್ಕು ಜನರ ನಡುವೆ ಪಟಕಾ ತೆಗೆಯುವುದು ಅವರ ಅಜ್ಜನಿಗೂ ಆಗದ ಮಾತು.

“ಏನಪಾ ಇದು?” ಎಂದರು ಸಾಹುಕಾರರು, ಸ್ಟೇಷನ್ನಿಗೆಲ್ಲ ಕೇಳುವ ದನಿಯಲ್ಲಿ. “ಇದರಾಗ ದಮ್ಮೇ ಇಲ್ಲ. ಸೊಳ್ಳಿ ಹಾಡಿಧಂಗ ಅದ. ಇಷ್ಟ ರೊಕ್ಕಾ ಹೇಳ್ತಿ, ನಾಚಿಕಿ ಬರಂಗಿಲ್ಲೇನು?”

ಎರಡು ದಿನದ ಹಿಂದೆ ತಾನು ಕೊಟ್ಟ ತೀರ್ಪನ್ನೇ ಇನ್ನೊಬ್ಬರ ಬಾಯಲ್ಲಿ, ಪಟಕಾ ಸಮೇತ, ಕೇಳುವುದು ಖುರ್ಷಿದಬೇಗಂಳಿಗೆ ಹಿತವಾಗಲಿಲ್ಲ. ಒಂದು ಮಾತು ಹೇಳಿದರೆ ಸಾಹುಕಾರರಿಗೆ ತಿಳಿಯುತ್ತಿತ್ತು. ಹೇಳಲಿಲ್ಲ. ಮಹಾದೇವಮ್ಮನ ಮೊಣಕೈಯನ್ನು ಹಿಡಿದು ಒತ್ತಿ, ಆಕೆಯೂ ಹೇಳದಂತೆ ನೋಡಿಕೊಂಡಳು. ಸಾಹುಕಾರರು ದೀಪ ಹತ್ತುವ ಬೆಳ್ಳಿಯದನ್ನು ಪಟಕಾದ ಮೇಲೆ ಹಾಕಿಕೊಂಡು, “ಹಾಂ! ಇದಕ್ಕ ಅಂತಾರ ಮಾಲ್” ಎಂದು ಹಾಗೇ ಹಾಕಿಕೊಂಡೇ ಸೇಡಂ ಗಾಡಿ ಹತ್ತಿದರು.

“ಆಪಾ, ಬದಲಿ ಕೇಳವ್ರು ಕಿವಿ ಇಲ್ಲದವ್ರು ಅಂದಿದ್ರಿ” ಎಂದ ಸರ್ದಾರ.

“ಹೌದು, ಇರಲಿಲ್ಲ. ಈಗ ಬಂದಾವ. ಮ್ಯಾಲಿನ ರೊಕ್ಕ ತೊಗೊಂಡು ಬಾಯಿ ಮುಚ್ಚು.”

ಹೆಂಗಸರ ವೇಟಿಂಗ್ ರೂಮಿನಲ್ಲಿ ಒಬ್ಬ ಮುದುಕಿ ಗಂಟಿನ ಮೇಲೆ ತಲೆಯಿಟ್ಟು ಮಲಗಿದ್ದಳು. ಮಹಾದೇವಮ್ಮ ಬಾಗಿಲು ಮುಂದೆ ಮಾಡಿ ಅದಕ್ಕೆ ಬೆನ್ನು ಕೊಟ್ಟು ನಿಂತಳು. ಖುರ್ಷಿದಬೇಗಂ ಸೆರಗು ಇಳಿಸಿ, ಕಿವಿಯ ಬಾಲಿಗಳನ್ನೂ ಬಿಚ್ಚಿ ರುಮಾಲಿನಲ್ಲಿ ಕಟ್ಟಿ, ಟೇಪ್ ರೆಕಾರ್ಡರಿಗೆ ಸೆಲ್ ಹಾಕಿ, ಕಪ್ಪು ಬಟ್ಟಲುಗಳಿಂದ ಕಿವಿ ಮುಚ್ಚಿದಳು. ಜಂಕ್ಷನ್ನಿನ ಗದ್ದಲ ನಿಂತುಹೋಯಿತು.

ಗುಂಯ್ಯ್ ಎಂದು ಬಂತು. ಕಿವಿಯಲ್ಲಿ ಅಲ್ಲ, ಗಂಟಲಿನ ಕೆಳಗೆ ಎಲ್ಲೋ. ಅಂಗೈ ಬುಡ ಚರ್ಮದ ಮೇಲೆ ಜಾರುವುದು, ಜಾರಿ ನಿಲ್ಲುವುದು, ಬೆರಳು ಎತ್ತುವುದು ಎಲ್ಲ ಬೇರೆಬೇರೆಯಾಗಿ ಕೇಳಿಸಿತು. ಬಾಲ್ಯದಲ್ಲಿ ಅಬ್ಬಾನ ಮಡಿಲಿಗೂ ಢೋಲಕಕ್ಕೂ ನಡುವೆ ಕುಳಿತು ಬೆನ್ನಿನಿಂದ ಕೇಳಿದ್ದ ನಾದ. ಮೂಕ ಅಂತೆ! ಆ ಭಜಿ ಮಾರುವವನನ್ನು, ಆ ಹಾಡುವವನನ್ನು ತಂದು ಇಲ್ಲಿ ಕೂಡಿಸಬೇಕು. ಒಂದನೇ ಹಾಡು ಮುಗಿಯಿತು, ಎರಡನೆಯದೂ ಮುಗಿದು ಮೂರನೆಯದು ಶುರುವಾಯಿತು. ಮಹಾದೇವಮ್ಮ ಹುಬ್ಬಿನಲ್ಲೇ ಏನು ಎಂದು ಕೇಳಿದಳು. ಖುರ್ಷಿದಬೇಗಂ ಕಣ್ಣೊರೆಸಿಕೊಂಡು, ಇದೆ ಎಂದು ತಲೆಯಾಡಿಸಿದಳು.

ಮೂರನೇ ಹಾಡಿನ ಕೊನೆಗೆ ಎರಡು ಪೆಟ್ಟು ತಪ್ಪಿದವು. ನಾಲ್ಕನೆಯದರ ಶುರುವಿನಲ್ಲಿ ಎಡಗೈ ಒಂದು ಸಲ ಎದ್ದು, ಜಾರಲಾರದೆ, ಚರ್ಮದ ಮೇಲೆ ಬಿದ್ದುಬಿಟ್ಟ ಸದ್ದು. ಆಮೇಲೆ ಬರೀ ಬಲಗೈ. ತಾಳದ ಎಂಟು ಮಾತ್ರೆ, ಹದಿನಾರು ಮಾತ್ರೆ. ಆಗ ಮತ್ತೆ ಕೆಳಗಿನ ಪೆಟ್ಟು ಬಂತು. ಧಪ್. ಸರಿಯಾದ ಜಾಗಕ್ಕೆ, ಕರಾರುವಾಕ್ಕಾಗಿ. ಧಪ್.

ಬೇರೆ ಯಾರಾದರೂ ಅಲ್ಲಿಗೇ ಬಿಡುತ್ತಿದ್ದರು. ಆಕೆ ಬಿಡಲಿಲ್ಲ. ಈ ಪೆಟ್ಟು ಜಾರುತ್ತಿರಲಿಲ್ಲ. ಬಂದ ಹಾಗೇ ಸತ್ತುಹೋಗುತ್ತಿತ್ತು. ಚರ್ಮಕ್ಕೆ ಎಳೆತವಿದೆ, ಅದು ಬಾಗುತ್ತದೆ. ಇದು ಬಾಗದ ವಸ್ತು. ಕಟ್ಟಿಗೆ. ಹಾಡುವವರು ಕುಳಿತಿದ್ದ ಹಲಗೆಯ ಕಟ್ಟೆಯನ್ನು ಯಾರೋ ಅಂಗೈಯಿಂದ ಬಡಿಯುತ್ತಿದ್ದರು. ಯಾರು? ಹಿಂದಕ್ಕೆ ತಿರುಗಿಸಿದಳು. ಧಪ್ ಎಂದಾಗಲೆಲ್ಲ ಹಾರ್ಮೋನಿಯಂನ ದನಿ ಒಂದು ಕೂದಲೆಳೆ ಕುಗ್ಗುತ್ತಿತ್ತು. ಮತ್ತೆ ತಿರುಗಿಸಿದಳು. ಕುಗ್ಗುತ್ತಿತ್ತು, ತಪ್ಪದೆ, ಪ್ರತಿ ಪೆಟ್ಟಿಗೂ. ಬಲಗೈ ಸ್ವರದ ಮನೆಗಳ ಮೇಲಿದೆ, ಎಡಗೈ ಗಾಳಿ ಊದುವ ತಿದಿಯ ಮೇಲಿರಬೇಕು. ಆ ಎಡಗೈ ತಿದಿ ಬಿಟ್ಟು ಹಲಗೆಗೆ ಹೋಗಿ ಬರುತ್ತಿದೆ, ಅಷ್ಟರಲ್ಲಿ ಗಾಳಿ ಇಳಿಯುತ್ತಿದೆ. ಆ ಪಾರ್ಟಿಯಲ್ಲಿ ಹಾರ್ಮೋನಿಯಂ ಹಿಡಿಯುತ್ತಿದ್ದವನು ಒಬ್ಬನೇ.

ಹಾಡು ಹನ್ನೊಂದು ನಿಮಿಷದ್ದು. ಹನ್ನೊಂದು ನಿಮಿಷವೂ ಚಾಂದ್ ಹಾಡಿದ, ಹಾರ್ಮೋನಿಯಂ ನುಡಿಸಿದ, ಹಲಗೆ ಬಡಿದ. ಒಂದು ಪೆಟ್ಟೂ ತಪ್ಪಲಿಲ್ಲ.

ಮುದುಕಿ ಎದ್ದು ಕುಳಿತು ಈ ಸೆರಗಿಲ್ಲದ ತಲೆಯ ಟೀಚರಬಾಯಿಯನ್ನು ನೋಡುತ್ತಿದ್ದಳು. “ಏನಾತ್ರಿ?” ಎಂದಳು ಮಹಾದೇವಮ್ಮ. “ಮಾರಿ ಯಾಕ ಹಂಗಾತು? ಎಡಗೈ ಅದನೋ ಇಲ್ಲೋ?”

“ಅದ” ಎಂದಳು ಖುರ್ಷಿದಬೇಗಂ. “ಎರಡು ಮಂದೀದು ಅದ.”

ಸಂಜೆ ಮನೆಗೆ ಬಂದಾಗ ಮಶಾಕಸಾಬರು ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದರು, ಬಲಗೈಯಿಂದ. ಎಡಗೈ ತೊಡೆಯ ಮೇಲೆ ಇತ್ತು. ಅದು ಹೀಗೆ ಸುಮ್ಮನಿರುವುದನ್ನು ಆಕೆ ಮೂರು ವರ್ಷದಿಂದ ನೋಡುತ್ತಿದ್ದಳು. ಬೇಜಾರಿಗೆ ಎಂದುಕೊಂಡಿದ್ದಳು.

“ನಾಲ್ಕನೇ ಹಾಡು ಕೇಳ್ದೆ, ಅಬ್ಬಾ.”

ಅಕ್ಕಿ ಆರಿಸುವ ಬೆರಳು ನಿಂತವು.

“ಚಾಂದ್ ಬ್ಯಾಡ ಅಂದ ಅಂತ ಯಾಕ ಹೇಳ್ದ್ರಿ?”

“ನಾನೇ ಬ್ಯಾಡ ಅಂದೆ ಅಂದಿದ್ರ ಯಾಕ ಅಂತ ಕೇಳ್ತಿದ್ದಿ” ಎಂದರು ಮಶಾಕಸಾಬರು. “ಕೈ ಸತ್ತದ ಅನ್ನೋದಕ್ಕಿಂತ ಹೊರಗ ಹಾಕಿದ್ರು ಅನ್ನೋದು ಸಸಾರ ಅನಿಸ್ತು. ಅವತ್ತ ಅವನು ನನ್ನ ಮಾರಿ ನೋಡ್ಲೇ ಇಲ್ಲ ಬೇಟಿ. ಮಂದಿಗಿ ಗೊತ್ತಾಗಬಾರದಂತ ಮುಂದ ನೋಡಿಕೋತನೇ ಬಡದ. ಮನಿಗಿ ಬಿಡೋ ಮುಂದ ಅಂದ, ಚಾಚಾ, ನೀವು ಏನರ ಹೇಳ್ರಿ, ನಾ ಹೌದು ಅಂತೀನಿ ಅಂತ.”

“ನಾ ಅವನಿಗಿ ಮದವ್ಯಾಗ ಏನಂದೆ ಗೊತ್ತದೇನು ನಿಮಗ?”

“ಗೊತ್ತದ.”

“ಗೊತ್ತಿದ್ದೂ!”

ಅವರು ಮೊರದ ಅಕ್ಕಿಯಲ್ಲಿ ಮತ್ತೆ ಕಲ್ಲು ಹುಡುಕತೊಡಗಿದರು. ಸಾಧು ಮನುಷ್ಯ ಎಂದುಕೊಂಡದ್ದು ನೆನಪಾಗಿ ಖುರ್ಷಿದಬೇಗಂಳಿಗೆ ನಗಬೇಕೋ ಮೊರವನ್ನು ಎತ್ತಿ ಒಗೆಯಬೇಕೋ ತಿಳಿಯಲಿಲ್ಲ. ತನ್ನ ಮಾನ ಉಳಿಸಿಕೊಳ್ಳಲು ಒಬ್ಬ ಮುದುಕ, ಅವನ ಮಾತನ್ನು ವೇದವಾಕ್ಯ ಮಾಡಿಕೊಂಡ ಒಬ್ಬಳು ಬಿ.ಎಸ್ಸಿ. ಮಗಳು, ಇಬ್ಬರೂ ಸೇರಿ ಮೂರು ವರ್ಷ ಬಡಿದದ್ದು ಪೆಟ್ಟು ತಪ್ಪದ ಮನುಷ್ಯನನ್ನು.

“ನಾಳಿಗಿ ಅವನ ಅಂಗಡಿಗಿ ಹೋಗ್ರಿ. ಎಲ್ಲರ ಮುಂದ ಖರೇ ಹೇಳ್ರಿ.”

“ನನ್ನ ಕೈಲೆ ಆಗಂಗಿಲ್ಲ” ಎಂದರು ಮಶಾಕಸಾಬರು.

“ಹಂಗಾದ್ರ ನಾ ಹೋಗ್ತೀನಿ.”

ಚಾಂದ್‌ನದು ಗಾದಿ ತಲೆದಿಂಬಿನ ಅಂಗಡಿ, ಸಾಬಣ್ಣನ ಹೋಟೆಲಿನ ಎದುರಿಗೇ. ಸೋಮವಾರ ಸಂಜೆ ಟೇಪ್ ರೆಕಾರ್ಡರು ಹೊತ್ತು ಆಕೆ ಅಲ್ಲಿಗೆ ಬಂದಾಗ ಊರಿಗೆ ಸುದ್ದಿ ಆಗಲೇ ಹೋಗಿತ್ತು. ಹೋಟೆಲು ಖಾಲಿಯಾಗಿ ಮಂದಿ ಅಂಗಡಿಯ ಮುಂದೆ ನೆರೆದರು. ಸಾಬಣ್ಣ ಜರಡಿ ಸೌಟು ಹಿಡಿದೇ ಬಂದ. “ಬಂತ್ರೋ, ಮಶೀನ್ ಬಂತು! ಚಾಂದ್, ಇವತ್ತ ನಿಂದು ಮುಗೀತು ನೋಡು.”

ಗಡ್ಡಕ್ಕೆಲ್ಲ ಹತ್ತಿ ಅಂಟಿಸಿಕೊಂಡು ದಪ್ಪ ಸೂಜಿಯಿಂದ ಗಾದಿಗೆ ಟಾಕು ಹಾಕುತ್ತಿದ್ದ ಚಾಂದ್ ಎದ್ದು ನಿಂತು, “ಬರ್ರಿ ಆಪಾ, ಕುಂದ್ರಿ” ಎಂದ. ಮದುವೆಯ ಚಪ್ಪರದಲ್ಲಿ ಹೇಳಿದ ಸಲಾಮಿನಷ್ಟೇ ಮೆತ್ತಗೆ.

ಆಕೆ ಕೂಡಲಿಲ್ಲ. “ಚಾಂದ್‌ಭಾಯಿ, ನಾ ಇದರಾಗ ಕೇಳೀನಿ. ಹಲಗಿ ಮ್ಯಾಲ—”

“ನಾನೂ ಕೇಳ್ತೀನಲ್ರಿ. ತಡೀರಿ” ಎಂದು ಚಾಂದ್ ಆಕೆಯ ಕೈಯಿಂದ ಹೆಡ್‌ಫೋನು ಕಸಿದುಕೊಂಡ ಹಾಗೇ ತೆಗೆದುಕೊಂಡು ಹಾಕಿಕೊಂಡ. ಟೇಪಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ತಾನೇ ತಿರುಗಿಸಿ, ನಾಲ್ಕನೇ ಹಾಡು ಹಚ್ಚಿದ. ಅವನ ಎಡಗೈ ಮೊಣಕಾಲಿನ ಮೇಲೆ ಎರಡು ಸಲ ಎದ್ದಿತು. ಮೂರನೇ ಸಲ ಏಳುವುದರೊಳಗೆ ಬಲಗೈಯಿಂದ ಅದನ್ನು ಹಿಡಿದುಕೊಂಡ. ಎರಡು ನಿಮಿಷ ಹಾಗೇ ಕೇಳಿ, ತೆಗೆದು, ಕಪ್ಪು ಬಟ್ಟಲನ್ನು ತಿರುಗಿಸಿ ಮುರುಗಿಸಿ ನೋಡಿದ.

“ಆಪಾ, ನಿಮಗ ಮೋಸ ಮಾಡ್ಯಾರ” ಎಂದ, ಎಲ್ಲರಿಗೂ ಕೇಳುವಂತೆ. “ಇದು ಖೋಟಾ ಮಾಲು. ಇದರಾಗ ಢೋಲಕ ಕಟ್ಟಿಗಿ ಆಗ್ತದ, ನನ್ನ ಹಾರ್ಮೋನಿಯಂ ಪೇಟಿಗಿ ದಮ್ಮು ಹತ್ತತದ. ಅವತ್ತ ನಾ ಚಾಚಾನ ಬಾಜೂಕ ಕುಂತಿದ್ದೆ. ಎಡಗೈ ಅವರದೇ. ಕಡೀ ತನಕಾ ಅವರದೇ. ನಾ ಆಗ ಕೈ ಹೋಗ್ಯಾದ ಅಂದೆ, ನನ್ನ ಕಿವಿ ತಪ್ಪಿತ್ತು. ಇವತ್ತ ಎಲ್ಲರ ಮುಂದ ಹೇಳ್ತೀನಿ, ನನ್ನದೇ ತಪ್ಪು.”

ಮಂದಿ ಹೋ ಎಂದರು. ಯಾರೋ ಸಾಬಣ್ಣನ ಬೆನ್ನಿಗೆ ಗುದ್ದಿ, “ಮೂಕ ಅಂತಿದ್ದ್ಯಲ್ಲೋ?” ಎಂದ. ಸಾಬಣ್ಣ, “ಚಾಂದನೇ ಹೇಳಿದ ಮ್ಯಾಲ ಮುಗೀತು. ನಮ್ಮ ಟೇಪ್‌ದ ಹೆಡ್ಡ ಸವದದ” ಎಂದು ಬಿಟ್ಟ. ಮೂರು ವರ್ಷದ ಪಂಚಾಯತಿ ಮೂರು ಮಾತಿಗೆ ತಿರುಗಿ ಮಲಗಿತು. ಕಿವಿಗೂಟದ ಮಂದಿ.

ಖುರ್ಷಿದಬೇಗಂ ಚಾಂದ್‌ನನ್ನೇ ನೋಡುತ್ತಿದ್ದಳು. ಈ ಊರಿನಲ್ಲಿ ಮೂರನೆಯ ಕಿವಿ ಇತ್ತು. ತನ್ನದಕ್ಕಿಂತ ಚೆನ್ನಾಗಿ ಕೇಳುವ, ಕೇಳಿದ್ದನ್ನು ನುಂಗಬಲ್ಲ ಕಿವಿ. ಹೆಡ್‌ಫೋನು ಖೋಟಾ ಅಲ್ಲ ಎಂದು ಒಂದು ನಿಮಿಷದಲ್ಲಿ ತೋರಿಸಿಕೊಡಬಹುದಿತ್ತು. ತಿದಿ, ಗಾಳಿ, ಹಲಗೆ, ಚರ್ಮ. ಎಂಟನೇ ಇಯತ್ತೆಯ ಹುಡುಗಿಗೂ ತಿಳಿಯುವಂತೆ. ನಿನ್ನೆ ಸಾಹುಕಾರರ ಮುಂದೆ ಬಿಟ್ಟರೆ, ತಪ್ಪು ಮಾತನ್ನು ತಿದ್ದದೆ ಬಿಟ್ಟದ್ದು ಆಕೆಗೆ ನೆನಪಿರಲಿಲ್ಲ. ಚಾಂದ್ ಕಣ್ಣು ಎತ್ತಲಿಲ್ಲ. ಗಾದಿಯ ಸೂಜಿ ಹಿಡಿದು, ದಾರ ಎಳೆಯದೆ, ಕಾಯುತ್ತಿದ್ದ.

“ಇರಬೇಕು” ಎಂದಳು ಆಕೆ. “ಖೋಟಾನೇ ಇರಬೇಕು. ನನಗ ತಿಳೀಲಿಲ್ಲ, ಚಾಂದ್‌ಭಾಯಿ. ಮದವ್ಯಾಗ ಅಂದದ್ದು... ಅದೂ ತಿಳೀಲಾರದ್ದೇ.”

“ಹೋಗ್ಲಿ ಬಿಡ್ರಿ ಆಪಾ” ಎಂದು ಚಾಂದ್ ದಾರ ಎಳೆದ. “ಚಾಚಾಗ ಹೇಳ್ರಿ, ಮಸೀದಿಗಿ ಈ ದಾರಿಲೇ ಬರ್ಲಿ. ಸಮೀಪ ಆಗ್ತದ.”

ಆಕೆ ಹೆಡ್‌ಫೋನನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಹೋಟೆಲಿನ ಮುಂದೆ ಸಾಬಣ್ಣ ಅಡ್ಡ ಬಂದು, ಬಹಳ ಮರುಕದಿಂದ ತಲೆ ಅಲ್ಲಾಡಿಸಿದ.

“ಟೀಚರಬಾಯಿ, ಎಷ್ಟು ಓದೀರಿ ನೀವು, ಹಿಂಗ ಮೋಸ ಹೋಗ್ತಾರೇನ್ರಿ? ಇನ್ನೊಮ್ಮೆ ಇಂಥಾದು ತೊಗೋಬೇಕಾದ್ರ ನನಗೊಂದು ಮಾತು ಕೇಳ್ರಿ. ಧ್ವನೀದು ನನಗ ಭಾಳ ಛಲೋ ತಿಳೀತದ.”

ಖುರ್ಷಿದಬೇಗಂ ಅವನ ತಲೆಯ ಮೇಲ್ಗಡೆ, ಹೊಗೆ ಹಿಡಿದ ಹಲಗೆಯ ಮೇಲಿನ ನಾಲ್ಕು ಇಂಚಿನ ಸ್ಪೀಕರನ್ನು ನೋಡಿದಳು. ಬಾಯಿಗೆ ಬಂದ ಮಾತು ಬಹಳ ಚೆನ್ನಾಗಿತ್ತು.

“ಆಗಲ್ರಿ ಸಾಬಣ್ಣ” ಎಂದಳು. “ನಿಮ್ಮನ್ನೇ ಕೇಳಿ ತೊಗೋತೀನಿ.”